ಹೊಗೆಯಾಡದ ಬೆಂಕಿಯ ಹುಡುಕಾಟ: ಇಂಗ್ಲೆಂಡಿನ ಮನೆಗೆ ಸೌದೆ ಒಲೆ ಆರಿಸುವ ಬಗೆ

ಬೆಂಕಿಯಿಲ್ಲದೆ ಹೊಗೆಯಾಡದು ಎಂಬುದು ನಮ್ಮ ಗಾದೆ. ಬೆಂಕಿ ಇರಲಿ, ಹೊಗೆ ಮಾತ್ರ ಬೇಡ ಎಂಬುದು ಇಂಗ್ಲೆಂಡಿನ ಬಹುತೇಕ ನಗರಗಳ ಕಾನೂನು. ಉದ್ಯೋಗ ನಿಮಿತ್ತ ಆ ದೇಶಕ್ಕೆ ತೆರಳಿ ಸ್ವಂತ ಮನೆ ಮಾಡಿಕೊಂಡ ಕನ್ನಡಿಗ ಕುಟುಂಬಗಳಿಗೆ ಈ ಕಾನೂನಿನ ಪರಿಚಯವಾಗುವುದು ಸಾಮಾನ್ಯವಾಗಿ ಚಳಿಗಾಲದಲ್ಲಿ. ಕೊಂಡ ಮನೆ ವಿಕ್ಟೋರಿಯಾ ರಾಣಿಯ ಕಾಲದ್ದಾಗಿದ್ದರೆ ಹಜಾರದ ಗೋಡೆಯಲ್ಲಿ ಅಗ್ಗಿಷ್ಟಿಕೆಯ ಗೂಡು, ಅದರ ಮೇಲೊಂದು ಇಟ್ಟಿಗೆಯ ಚಿಮಣಿ ಇದ್ದೇ ಇರುತ್ತದೆ. 2022ರಲ್ಲಿ ಯುಕ್ರೇನ್ ಯುದ್ಧ ಆರಂಭವಾದ ಬಳಿಕ ಅಡುಗೆ ಅನಿಲ, ವಿದ್ಯುತ್ ಬಿಲ್ಲುಗಳು ಗಗನಕ್ಕೇರಿದಾಗ, ಆ ಗೂಡಿನಲ್ಲಿ ಸೌದೆ ಒಲೆಯೊಂದನ್ನು ಕೂರಿಸಿದರೆ ಹೇಗೆ ಎಂಬ ಆಲೋಚನೆ ಅನೇಕ ಮನೆಗಳಲ್ಲಿ ಸುಳಿಯಿತು.

ಅಂಗಡಿಗೆ ಹೋದರೆ ನೂರಾರು ಮಾದರಿಗಳು. ಎಲ್ಲವೂ ಎರಕದ ಕಬ್ಬಿಣದ ಅಥವಾ ಉಕ್ಕಿನ ಪೆಟ್ಟಿಗೆಗಳು, ಎಲ್ಲಕ್ಕೂ ಗಾಜಿನ ಬಾಗಿಲು, ಎಲ್ಲದರ ಮೇಲೂ ಒಂದಲ್ಲ ಒಂದು ಪರಿಸರ ಮುದ್ರೆ. ಇವುಗಳಲ್ಲಿ ಯಾವುದನ್ನು ನಂಬಬೇಕು? ಪ್ರಮಾಣಪತ್ರವಿರುವ ಒಲೆಯನ್ನೇ ತಂದರೆ ಹೊಗೆಯ ಚಿಂತೆ ತೀರಿತೆ?

ತೀರದು ಎಂಬುದೇ ಈ ಲೇಖನದ ಮುಖ್ಯ ಮಾತು. ಪ್ರಮಾಣಪತ್ರ ದೊರೆಯುವುದು ಒಲೆಗೆ. ಅದು ಪ್ರಯೋಗಾಲಯದಲ್ಲಿ, ಒಣಗಿದ ಸೌದೆಯಿಂದ, ನುರಿತವರ ಕೈಯಲ್ಲಿ ಉರಿದು ಪಡೆದ ಅಂಕ. ಮನೆಗೆ ಬಂದ ಮೇಲೆ ಅದೇ ಒಲೆ ಅಷ್ಟೇ ಶುದ್ಧವಾಗಿ ಉರಿಯಬೇಕಾದರೆ ಒಲೆಯ ಗಾತ್ರ, ಸೌದೆಯ ತೇವ, ಚಿಮಣಿಯ ಎಳೆತ ಹಾಗೂ ಉರಿಸುವವರ ಅಭ್ಯಾಸ ಎಲ್ಲವೂ ಸರಿಯಿರಬೇಕು. ಇದರಲ್ಲಿ ಎಡವಿದರೆ ದಂಡ ತೆರಬೇಕಾದೀತು. ಅದಕ್ಕಿಂತ ಮಿಗಿಲಾಗಿ, ಪಕ್ಕದ ಮನೆಯ ಮಗುವಿನ ಉಸಿರಿಗೆ ನಾವು ಕಾರಣರಾದೇವು.

ಕಾನೂನು ಹುಟ್ಟಿದ ಕತೆ

1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರವನ್ನು ದಟ್ಟ ಹೊಗೆಮಂಜು ಮುಸುಕಿತು. ಗಾಳಿಯ ಚಲನೆ ನಿಂತಿತ್ತು. ನೆಲದ ಸಮೀಪದ ತಂಪು ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತಿತ್ತು. ಲಕ್ಷಾಂತರ ಮನೆಗಳ ಅಗ್ಗಿಷ್ಟಿಕೆಗಳಲ್ಲಿ ಉರಿದ ಕಲ್ಲಿದ್ದಲಿನ ಹೊಗೆ, ಕಾರ್ಖಾನೆ ಹಾಗೂ ವಿದ್ಯುತ್ ಸ್ಥಾವರಗಳ ಹೊಗೆಯೊಡನೆ ಬೆರೆತು ಮೇಲೇರಲಾರದೆ ಬೀದಿಗಿಳಿಯಿತು. ಬಸ್ಸುಗಳ ಸಂಚಾರ ಸ್ಥಗಿತಗೊಂಡಿತು. ಹೊಗೆ ರಂಗಮಂದಿರದೊಳಕ್ಕೂ ನುಗ್ಗಿ ಸಂಗೀತ ನಾಟಕವೊಂದು ಅರ್ಧಕ್ಕೇ ನಿಂತಿತು. ಅಂದಿನ ಸರಕಾರಿ ಅಂದಾಜಿನಂತೆ ಸುಮಾರು 4,000 ಮಂದಿ ಈ ಹೊಗೆಗೆ ಬಲಿಯಾದರು. ನಂತರದ ಅಧ್ಯಯನಗಳು ಈ ಸಂಖ್ಯೆಯನ್ನು ಸುಮಾರು 12,000 ಎಂದು ಹೇಳಿವೆ.

ಇದರ ಫಲವಾಗಿ 1956ರಲ್ಲಿ ಶುದ್ಧ ಗಾಳಿ ಕಾಯಿದೆ ಜಾರಿಗೆ ಬಂತು. ತಮ್ಮ ವ್ಯಾಪ್ತಿಯ ಪ್ರದೇಶಗಳನ್ನು 'ಹೊಗೆ ನಿಯಂತ್ರಣ ವಲಯ' ಎಂದು ಘೋಷಿಸುವ ಅಧಿಕಾರವನ್ನು ಅದು ಸ್ಥಳೀಯ ಆಡಳಿತಗಳಿಗೆ, ಅಂದರೆ ಕೌನ್ಸಿಲ್‌ಗಳಿಗೆ ನೀಡಿತು. 1968ರಲ್ಲಿ ಕಾಯಿದೆ ವಿಸ್ತಾರಗೊಂಡಿತು. 1993ರಲ್ಲಿ ಎರಡನ್ನೂ ಒಗ್ಗೂಡಿಸಿ ಹೊಸ ಕಾಯಿದೆ ರೂಪುಗೊಂಡಿತು. ಇಂದಿಗೂ ಬಳಕೆಯಲ್ಲಿರುವುದು ಇದೇ. ಲಂಡನ್ನಿನ ಬಹುಭಾಗ, ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್ ಮೊದಲಾದ ದೊಡ್ಡ ನಗರಗಳು ಹೊಗೆ ನಿಯಂತ್ರಣ ವಲಯದಲ್ಲಿವೆ.

ನಮ್ಮ ಹೊಗೆರಹಿತ ಒಲೆಯೇ ಬೇರೆ

'ಹೊಗೆರಹಿತ ಒಲೆ' ಎಂದೊಡನೆ ಕರ್ನಾಟಕದವರಿಗೆ ನೆನಪಾಗುವುದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ, 1980ರ ದಶಕದಲ್ಲಿ ಈ ಒಲೆಯನ್ನು ರೂಪಿಸಿ ಹಳ್ಳಿಗಳಿಗೆ ತಲುಪಿಸಿತು. ಸೌದೆಯ ಕೆಳಗೆ ಜಾಲರಿ, ಅಳತೆ ಮಾಡಿಟ್ಟ ಗಾಳಿಯ ದಾರಿ, ಸಾಲಾಗಿ ಪಾತ್ರೆ ಇಡುವ ಕುಳಿಗಳು, ಕೊನೆಯಲ್ಲಿ ಹೊಗೆಕೊಳವೆ. ಸೌದೆಯ ಉಳಿತಾಯ ಒಂದೆಡೆಯಾದರೆ, ಊದುಗೊಳವೆ ಹಿಡಿದು ಕಣ್ಣೀರಿಡುತ್ತಿದ್ದ ಗೃಹಿಣಿಯನ್ನು ಹೊಗೆಯಿಂದ ಪಾರುಮಾಡಿದ್ದು ಇನ್ನೊಂದೆಡೆ.

ಆದರೆ ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಅಡುಗೆಮನೆಯಲ್ಲಿ ಹೊಗೆ ಇರಬಾರದು ಎಂಬುದು ನಮ್ಮ ಒಲೆಯ ಮೊದಲ ಗುರಿ. ಕೊಳವೆಯ ಮೂಲಕ ಹೊಗೆ ಸೂರಿನಾಚೆ ಹೋದರೆ ಅರ್ಧ ಕೆಲಸ ಆದಂತೆ. ಇಂಗ್ಲೆಂಡಿನ ಕಾನೂನು ನೋಡುವುದು ಸೂರಿನಾಚೆಗೆ ಬಂದುದನ್ನೇ. ಒತ್ತೊತ್ತಾಗಿ ಕಟ್ಟಿದ ಸಾಲುಮನೆಗಳ ಬೀದಿಯಲ್ಲಿ ಒಬ್ಬರ ಚಿಮಣಿಯ ಹೊಗೆ ಇನ್ನೊಬ್ಬರ ಕಿಟಕಿಯ ಗಾಳಿ. ಆದ್ದರಿಂದ ಅಲ್ಲಿ ಹೊಗೆಯನ್ನು ಸಾಗಹಾಕಿದರೆ ಸಾಲದು, ಒಲೆಯೊಳಗೇ ಸುಟ್ಟುಬಿಡಬೇಕು. ಈ ಭೇದ ಮನಸ್ಸಿಗೆ ಬಂದರೆ ಮುಂದಿನ ನಿಯಮಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ.

ನಿಯಮ ಹೇಳುವುದೇನು?

ಹೊಗೆ ನಿಯಂತ್ರಣ ವಲಯದಲ್ಲಿ ಸೌದೆ ಒಲೆಗೆ ನಿಷೇಧವಿಲ್ಲ. ಇದು ಅನೇಕರು ತಪ್ಪಾಗಿ ತಿಳಿದ ಸಂಗತಿ. ಅಲ್ಲಿ ಘನ ಇಂಧನ ಉರಿಸಲು ಎರಡು ದಾರಿಗಳಿವೆ. ಮೊದಲನೆಯದು, ಸರಕಾರ ಒಪ್ಪಿದ ಹೊಗೆಯಿಲ್ಲದ ಇಂಧನವನ್ನೇ ಬಳಸುವುದು. ಎರಡನೆಯದು, ಸರಕಾರದಿಂದ ವಿನಾಯಿತಿ ಪಡೆದ ಒಲೆಯನ್ನು ಬಳಸುವುದು. ಸೌದೆ ಮೊದಲ ಪಟ್ಟಿಯಲ್ಲಿಲ್ಲ. ಹೀಗಾಗಿ ಈ ವಲಯದಲ್ಲಿ ಸೌದೆ ಉರಿಸಬೇಕೆಂದರೆ ವಿನಾಯಿತಿ ಪಡೆದ ಒಲೆ ಅನಿವಾರ್ಯ. ತೆರೆದ ಅಗ್ಗಿಷ್ಟಿಕೆಯಲ್ಲಿ ಸೌದೆ ಒಟ್ಟಿ ಬೆಂಕಿ ಹಚ್ಚುವಂತಿಲ್ಲ, ಅದು ಎಷ್ಟೇ ಸುಂದರವಾದ ಅಮೃತಶಿಲೆಯ ಗೂಡಾಗಿದ್ದರೂ ಸರಿಯೇ.

2021ರ ಪರಿಸರ ಕಾಯಿದೆಯ ನಂತರ ಇಂಗ್ಲೆಂಡಿನಲ್ಲಿ ದಂಡದ ಕ್ರಮವೂ ಬದಲಾಗಿದೆ. ಹಿಂದೆ ನ್ಯಾಯಾಲಯಕ್ಕೆ ಹೋಗಬೇಕಿದ್ದ ಪ್ರಕರಣಗಳಲ್ಲಿ 2022ರಿಂದ ಕೌನ್ಸಿಲ್ ತಾನೇ ದಂಡ ವಿಧಿಸಬಹುದು. ವಲಯದೊಳಗಿನ ಮನೆಯ ಚಿಮಣಿ ಹೊಗೆಯುಗುಳಿದರೆ 175ರಿಂದ 300 ಪೌಂಡ್‌ವರೆಗೆ ದಂಡ ಬೀಳಬಹುದು. ವಿನಾಯಿತಿ ಇಲ್ಲದ ಒಲೆಗಾಗಿ ಅನಧಿಕೃತ ಇಂಧನ ಖರೀದಿಸಿದವರಿಗೆ 1,000 ಪೌಂಡ್‌ವರೆಗೂ ದಂಡವಿದೆ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ನಿಯಮಗಳು ಪ್ರತ್ಯೇಕವಾಗಿವೆ. ಅಲ್ಲಿ ನೆಲೆಸಿರುವವರು ತಮ್ಮ ಕೌನ್ಸಿಲ್‌ನಲ್ಲೇ ವಿಚಾರಿಸುವುದು ಒಳಿತು.

ಹಿತ್ತಲಿನ ಬಾರ್ಬೆಕ್ಯೂ, ತೋಟದಲ್ಲಿ ಇಡುವ ಬೆಂಕಿಯ ಬುಟ್ಟಿ ಮೊದಲಾದವು ಈ ನಿಯಮಕ್ಕೆ ಒಳಪಡುವುದಿಲ್ಲ. ಆದರೆ ಅವುಗಳಿಂದ ನೆರೆಹೊರೆಗೆ ಉಪದ್ರವವಾದರೆ ಬೇರೆ ಕಾನೂನಿನಡಿ ಕ್ರಮ ಜರುಗಿಸಬಹುದು. ತೋಟದ ಮನೆಯ ಸೂರಿಗೆ ಚಿಮಣಿ ಹಾಕಿ ಒಲೆ ಇಟ್ಟರೆ ಅದಕ್ಕೂ ಮೇಲಿನ ನಿಯಮವೇ ಅನ್ವಯ.

ಎರಡು ಮುದ್ರೆಗಳ ಗೊಂದಲ

ಅಂಗಡಿಯಲ್ಲಿ ಗ್ರಾಹಕರು ಹೆಚ್ಚು ಗಲಿಬಿಲಿಗೊಳ್ಳುವುದು ಇಲ್ಲಿಯೇ. ಒಲೆಯ ಮೇಲೆ ಕಾಣುವ ಮುದ್ರೆಗಳಲ್ಲಿ ಎರಡು ಮುಖ್ಯ. ಅವೆರಡೂ ಒಂದೇ ಅಲ್ಲ.

ಮೊದಲನೆಯದು ಡೆಫ್ರಾ ವಿನಾಯಿತಿ. ಡೆಫ್ರಾ ಎಂದರೆ ಬ್ರಿಟನ್ನಿನ ಪರಿಸರ, ಆಹಾರ ಮತ್ತು ಗ್ರಾಮೀಣ ವ್ಯವಹಾರಗಳ ಇಲಾಖೆಯ ಚಿಕ್ಕ ಹೆಸರು. ಹೊಗೆ ನಿಯಂತ್ರಣ ವಲಯದಲ್ಲಿ ಸೌದೆ ಉರಿಸಲು ಕಾನೂನು ಕೇಳುವುದು ಇದನ್ನೇ. ಒಲೆ ಗಂಟೆಗೆ ಎಷ್ಟು ಗ್ರಾಂ ಹೊಗೆ ಉಗುಳುತ್ತದೆ ಎಂಬುದನ್ನು ಇದಕ್ಕಾಗಿ ಅಳೆಯುತ್ತಾರೆ. 5 ಕಿಲೋವಾಟ್ ಶಾಖ ನೀಡುವ ಒಲೆಗೆ ಈ ಮಿತಿ ಗಂಟೆಗೆ ಸುಮಾರು 6.7 ಗ್ರಾಂ. ಅಂದರೆ ವಿನಾಯಿತಿ ಎಂಬುದು 'ಹೊಗೆಯೇ ಇಲ್ಲ' ಎಂಬ ಮಾತಲ್ಲ, 'ಇಷ್ಟರೊಳಗೆ ಇದೆ' ಎಂಬ ಮಾತು. ಇಂಥ ಒಲೆಗಳಲ್ಲಿ ಗಾಳಿಯ ಕಿಂಡಿಯನ್ನು ಪೂರ್ತಿ ಮುಚ್ಚಲಾಗದಂತೆ ತಡೆಯೊಂದನ್ನು ಇರಿಸಿರುತ್ತಾರೆ. ಗಾಳಿ ಮುಚ್ಚಿ ಬೆಂಕಿಯನ್ನು ಉಸಿರುಕಟ್ಟಿಸಿದಾಗಲೇ ಅತಿ ಹೆಚ್ಚು ಹೊಗೆ ಬರುವುದರಿಂದ ಈ ಏರ್ಪಾಡು. ಕೆಲವರು ಸೌದೆ ಬೇಗ ಮುಗಿಯುತ್ತದೆಂದು ಈ ತಡೆಯನ್ನು ಕಿತ್ತುಹಾಕುವುದುಂಟು. ಹಾಗೆ ಮಾಡಿದರೆ ವಿನಾಯಿತಿಯ ಷರತ್ತನ್ನೇ ಮುರಿದಂತೆ.

ಎರಡನೆಯದು ಇಕೋಡಿಸೈನ್. ಯುರೋಪಿಯನ್ ಒಕ್ಕೂಟದ 2015ರ ನಿಯಮದಿಂದ ಬಂದ ಈ ಮಾನದಂಡ, 2022ರ ಜನವರಿ 1ರಿಂದ ಹೊಸದಾಗಿ ಮಾರುಕಟ್ಟೆಗೆ ಬರುವ ಒಲೆಗಳಿಗೆ ಕಡ್ಡಾಯ. ಬಾಗಿಲು ಮುಚ್ಚಿದ ಸೌದೆ ಒಲೆಯ ಹೊಗೆಗಾಳಿಯಲ್ಲಿ ಪ್ರತಿ ಘನ ಮೀಟರಿಗೆ ಕಣಗಳು 40 ಮಿಲಿಗ್ರಾಂ, ಕಾರ್ಬನ್ ಮಾನಾಕ್ಸೈಡ್ 1,500 ಮಿಲಿಗ್ರಾಂ, ನೈಟ್ರೋಜನ್ ಆಕ್ಸೈಡುಗಳು 200 ಮಿಲಿಗ್ರಾಂ ಮೀರಬಾರದು. ಶಾಖದ ದಕ್ಷತೆ ಕನಿಷ್ಠ ಶೇ. 65 ಇರಬೇಕು. ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆ, ಅಂದರೆ ಪೆಲೆಟ್ ಉರಿಸುವ ಒಲೆಗೆ ಮಿತಿ ಇನ್ನೂ ಬಿಗಿ: ಕಣಗಳು 20 ಮಿಲಿಗ್ರಾಂ, ದಕ್ಷತೆ ಶೇ. 79.

ಇಕೋಡಿಸೈನ್ ಇರುವ ಒಲೆಗೆ ಡೆಫ್ರಾ ವಿನಾಯಿತಿ ತಾನಾಗಿಯೇ ಇರುತ್ತದೆ ಎಂದು ಭಾವಿಸಬಾರದು. ವಲಯದೊಳಗೆ ಹೊಸ ಒಲೆ ಕೊಳ್ಳುವವರು ಎರಡನ್ನೂ ನೋಡಬೇಕು. ಡೆಫ್ರಾ ಜಾಲತಾಣದಲ್ಲಿ ವಿನಾಯಿತಿ ಪಡೆದ ಒಲೆಗಳ ಪೂರ್ಣ ಪಟ್ಟಿಯಿದೆ. ತಯಾರಕರ ಹೆಸರಷ್ಟೇ ಸಾಲದು. ಮಾದರಿಯ ಹೆಸರು, ಅದರಲ್ಲಿ ಉರಿಸಬಹುದಾದ ಇಂಧನ, ಷರತ್ತುಗಳು ಎಲ್ಲವನ್ನೂ ಓದಿ ತಾಳೆ ನೋಡಬೇಕು. ಒಂದೇ ಒಲೆ 5 ಕಿಲೋವಾಟ್‌ನಲ್ಲಿ ಪಟ್ಟಿಯಲ್ಲಿದ್ದು, 8 ಕಿಲೋವಾಟ್‌ನಲ್ಲಿ ಇಲ್ಲದಿರುವುದು ಸಾಧ್ಯ.

ಒಲೆ ಉದ್ಯಮದ ಸಂಘಟನೆ 2020ರಲ್ಲಿ ಆರಂಭಿಸಿದ 'ಕ್ಲಿಯರ್‌ಸ್ಕೈಸ್' ಎಂಬ ಮೂರನೆಯ ಮುದ್ರೆಯೂ ಇದೆ. ಒಲೆಗಳನ್ನು 1ರಿಂದ 5ರವರೆಗೆ ದರ್ಜೆ ಮಾಡುವ ಈ ಪದ್ಧತಿಯಲ್ಲಿ ಅಂಕೆ ಹೆಚ್ಚಿದಂತೆ ಒಲೆ ಹೆಚ್ಚು ಶುದ್ಧ. ಇದು ಕಾನೂನಿನ ಕಡ್ಡಾಯವಲ್ಲ. ಆದರೆ ಎರಡು ಒಲೆಗಳ ನಡುವೆ ಆಯ್ಕೆ ಕಷ್ಟವಾದಾಗ ಉಪಯೋಗಕ್ಕೆ ಬರುತ್ತದೆ.

ಹಳೆಯ ಒಲೆಯನ್ನು ಅಗ್ಗವಾಗಿ ಕೊಳ್ಳುವ ಮನಸ್ಸಿರುವವರು ಎಚ್ಚರ ವಹಿಸಬೇಕು. ಇಕೋಡಿಸೈನ್ ನಿಯಮ ಬಳಸಿದ ಒಲೆಗಳ ಮರುಮಾರಾಟವನ್ನು ತಡೆಯುವುದಿಲ್ಲ. ಆದರೆ ವಲಯದೊಳಗೆ ಸೌದೆ ಉರಿಸಲು ವಿನಾಯಿತಿ ಬೇಕೇಬೇಕು. ಒಲೆಯ ಹಿಂಬದಿಯ ಲೋಹದ ಫಲಕದಲ್ಲಿ ಮಾದರಿಯ ಹೆಸರು ಕಾಣದಿದ್ದರೆ ಅಂಥ ಒಲೆಯನ್ನು ಬಿಟ್ಟುಬಿಡುವುದೇ ಲೇಸು.

ಒಲೆಯ ಒಳಗೆ ನಡೆಯುವುದೇನು?

ಸೌದೆ ನೇರವಾಗಿ ಉರಿಯುವುದಿಲ್ಲ. ಮೊದಲು ಅದರ ನೀರು ಆವಿಯಾಗುತ್ತದೆ. ಶಾಖ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮರ ಒಡೆದು ಅನಿಲಗಳು ಹೊರಬರುತ್ತವೆ. ನಾವು ಜ್ವಾಲೆಯೆಂದು ಕಾಣುವುದು ಈ ಅನಿಲಗಳ ಉರಿಯನ್ನು. ಅವು ಪೂರ್ತಿ ಉರಿಯಲು ಸುಮಾರು 600 ಡಿಗ್ರಿ ಶಾಖ ಹಾಗೂ ಸಾಕಷ್ಟು ಗಾಳಿ ಬೇಕು. ಶಾಖ ಕಡಿಮೆಯಾದರೆ ಅಥವಾ ಗಾಳಿ ಸಾಲದಾದರೆ ಉರಿಯದೆ ಉಳಿದ ಅನಿಲವೇ ಹೊಗೆಯಾಗಿ, ಮಸಿಯಾಗಿ, ಚಿಮಣಿಯ ಗೋಡೆಗೆ ಅಂಟುವ ಡಾಂಬರಿನಂಥ ಜಿಡ್ಡಾಗಿ ಪರಿಣಮಿಸುತ್ತದೆ. ಹಳ್ಳಿಮನೆಯ ಅಡುಗೆಕೋಣೆಯ ಮಾಡಿನಲ್ಲಿ ಜೋತಾಡುವ ಇಲ್ಲಣವೂ ಇದೇ ವರ್ಗದ್ದು. ಹೊಗೆಯೆಂದರೆ ಉರಿಯದೆ ತಪ್ಪಿಸಿಕೊಂಡ ಇಂಧನ, ಕಾಸು ಕೊಟ್ಟು ತಂದ ಸೌದೆಯ ನಷ್ಟ.

ಉತ್ತಮ ಒಲೆಯ ಒಳರಚನೆಯೆಲ್ಲ ಈ ಅನಿಲವನ್ನು ಹಿಡಿದು ಸುಡುವ ಉಪಾಯ. ಕೆಳಗಿನಿಂದ ಬರುವ ಮೊದಲ ಗಾಳಿ ಬೆಂಕಿ ಹಿಡಿಸಲು. ಕಾದು ಮೇಲಿನಿಂದ ಇಳಿಯುವ ಎರಡನೆಯ ಗಾಳಿ ಅನಿಲವನ್ನು ಸುಡುತ್ತದೆ, ಜೊತೆಗೆ ಗಾಜಿಗೆ ಮಸಿ ಹಿಡಿಯದಂತೆ ಕಾಯುತ್ತದೆ. ಹಿಂಗೋಡೆಯ ಸಣ್ಣ ರಂಧ್ರಗಳಿಂದ ಬರುವ ಮೂರನೆಯ ಗಾಳಿ ಉಳಿದ ಅನಿಲಕ್ಕೆ ಮತ್ತೊಮ್ಮೆ ಬೆಂಕಿ ಹಚ್ಚುತ್ತದೆ. ಮೇಲ್ಭಾಗದ ಅಡ್ಡಹಲಗೆ ಬಿಸಿಗಾಳಿ ನೇರ ಚಿಮಣಿಗೆ ಹಾರದಂತೆ ತಡೆಯುತ್ತದೆ. ಒಳಮೈಗೆ ಹೊದಿಸಿದ ಬೆಂಕಿ ಇಟ್ಟಿಗೆ ಅಥವಾ ವರ್ಮಿಕ್ಯುಲೈಟ್ ಹಲಗೆ ಶಾಖವನ್ನು ಒಲೆಯೊಳಗೇ ಹಿಡಿದಿಡುತ್ತದೆ. ಹಲಗೆ ಬಿರುಕುಬಿಟ್ಟು ಉದುರಿದರೆ ಬದಲಿ ಭಾಗ ಸುಲಭವಾಗಿ ದೊರೆಯುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಬೇಕು.

ಸೌದೆಗೆಂದೇ ಮಾಡಿದ ಒಲೆ, ಸೌದೆ ಮತ್ತು ಕಲ್ಲಿದ್ದಲ ಮಾದರಿಯ ಇಂಧನ ಎರಡನ್ನೂ ಉರಿಸುವ ಒಲೆ ಎಂಬ ಎರಡು ಬಗೆಗಳಿವೆ. ಕಲ್ಲಿದ್ದಲ ಮಾದರಿಯ ಇಂಧನಕ್ಕೆ ಕೆಳಗಿನಿಂದ ಗಾಳಿ ಬೇಕು, ಅದಕ್ಕಾಗಿ ಜಾಲರಿ. ಸೌದೆ ಚೆನ್ನಾಗಿ ಉರಿಯುವುದು ಬೂದಿಯ ಹಾಸಿನ ಮೇಲೆ, ಮೇಲಿನ ಗಾಳಿಯಿಂದ. ಸೌದೆಯೊಂದನ್ನೇ ಉರಿಸುವವರು ಸೌದೆಯ ಒಲೆಯನ್ನೇ ಆರಿಸುವುದು ಸೂಕ್ತ.

ದೊಡ್ಡ ಒಲೆಯೇ ದೊಡ್ಡ ತಪ್ಪು

ಗ್ರಾಹಕರು ಮಾಡುವ ಅತಿ ಸಾಮಾನ್ಯ ತಪ್ಪು ಅಗತ್ಯಕ್ಕಿಂತ ದೊಡ್ಡ ಒಲೆ ತರುವುದು. ಹೆಚ್ಚು ಕಿಲೋವಾಟ್ ಇದ್ದರೆ ಹೆಚ್ಚು ಒಳ್ಳೆಯದೆಂಬ ಎಣಿಕೆ ಇಲ್ಲಿ ನಡೆಯದು. ದೊಡ್ಡ ಒಲೆ ಪೂರ್ತಿ ಉರಿದರೆ ಕೋಣೆ ಕುದಿಯುತ್ತದೆ. ಆಗ ಮನೆಯವರು ಗಾಳಿ ತಗ್ಗಿಸಿ ಬೆಂಕಿಯನ್ನು ಮಂದಗೊಳಿಸುತ್ತಾರೆ. ಮಂದ ಬೆಂಕಿಯೇ ಹೊಗೆಯ ತವರು. ಸಣ್ಣ ಒಲೆ ತನ್ನ ಪೂರ್ಣ ಶಕ್ತಿಯಲ್ಲಿ ಉರಿದಾಗ ಹೊಗೆ ಅತಿ ಕಡಿಮೆ.

ಅಳತೆಯ ಸರಳ ಲೆಕ್ಕ ಹೀಗಿದೆ. ಕೋಣೆಯ ಉದ್ದ, ಅಗಲ, ಎತ್ತರಗಳನ್ನು ಮೀಟರಿನಲ್ಲಿ ಗುಣಿಸಬೇಕು. ಸಾಧಾರಣ ಶಾಖರಕ್ಷಣೆಯ ಮನೆಯಾದರೆ ಬಂದ ಸಂಖ್ಯೆಯನ್ನು 14ರಿಂದ ಭಾಗಿಸಬೇಕು. ಗಾಳಿ ಸೋರುವ ಹಳೆಯ ಮನೆಯಾದರೆ 10ರಿಂದ, ಚೆನ್ನಾಗಿ ಶಾಖರಕ್ಷಣೆ ಮಾಡಿದ ಹೊಸ ಮನೆಯಾದರೆ 25ರಿಂದ. ಉದಾಹರಣೆಗೆ, 5 ಮೀಟರ್ ಉದ್ದ, 4 ಮೀಟರ್ ಅಗಲ, 2.4 ಮೀಟರ್ ಎತ್ತರದ ಹಜಾರದ ಗಾತ್ರ 48 ಘನ ಮೀಟರ್. ಅದನ್ನು 14ರಿಂದ ಭಾಗಿಸಿದರೆ ಸುಮಾರು 3.4. ಅಂದರೆ ಈ ಹಜಾರಕ್ಕೆ 4 ಕಿಲೋವಾಟ್ ಒಲೆ ಧಾರಾಳವಾಯಿತು. 8 ಕಿಲೋವಾಟ್ ಒಲೆಯನ್ನು ರಿಯಾಯಿತಿ ದರದಲ್ಲಿ ಕೊಡುತ್ತೇವೆಂದು ಅಂಗಡಿಯವರು ಹೇಳಿದರೂ ಮನಸೋಲಬಾರದು. ಇದು ಸ್ಥೂಲ ಲೆಕ್ಕ. ಅಂತಿಮ ನಿರ್ಧಾರಕ್ಕೆ ಮನೆಯನ್ನು ನೋಡಿದ ಅಳವಡಿಕೆದಾರರ ಸಲಹೆ ಬೇಕು.

ಹಸಿ ಸೌದೆಯ ಕತೆ

ಹಸಿ ಸೌದೆ ಒಟ್ಟಿದರೆ ಏನಾಗುತ್ತದೆಂದು ನಮ್ಮ ಅಜ್ಜಿಯಂದಿರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಳೆಗಾಲಕ್ಕೆ ಮುನ್ನ ಸೌದೆ ಸೀಳಿ, ಒಣಗಿಸಿ, ಕೊಟ್ಟಿಗೆಯ ಅಟ್ಟದಲ್ಲಿ ಪೇರಿಸುತ್ತಿದ್ದ ಮಲೆನಾಡಿನ ಮನೆಗಳ ಜಾಣ್ಮೆಯೇ ಇಂಗ್ಲೆಂಡಿನಲ್ಲಿ ಇಂದು ಕಾನೂನಾಗಿದೆ. 2021ರ ಮೇ ತಿಂಗಳಿಂದ ಅಲ್ಲಿ 2 ಘನ ಮೀಟರಿಗಿಂತ ಕಡಿಮೆ ಪ್ರಮಾಣದಲ್ಲಿ ಮಾರುವ ಸೌದೆಯ ತೇವಾಂಶ ಶೇ. 20 ಮೀರುವಂತಿಲ್ಲ. ಅಂಥ ಚೀಲದ ಮೇಲೆ 'ರೆಡಿ ಟು ಬರ್ನ್' ಎಂಬ ಮುದ್ರೆ ಇರಬೇಕು. ಅದಕ್ಕಿಂತ ಹೆಚ್ಚಿನ ರಾಶಿಯನ್ನು ಹಸಿಯಾಗಿ ಮಾರಬಹುದು, ಆದರೆ ಒಣಗಿಸುವ ವಿಧಾನವನ್ನು ಮಾರುವವರು ಲಿಖಿತವಾಗಿ ತಿಳಿಸಬೇಕು. ಮನೆಬಳಕೆಯ ಸಾಂಪ್ರದಾಯಿಕ ಕಲ್ಲಿದ್ದಲಿನ ಚೀಲಗಳ ಮಾರಾಟ 2021ರಲ್ಲಿ, ಸಡಿಲ ಮಾರಾಟ 2023ರಲ್ಲಿ ನಿಂತಿತು.

ಲೆಕ್ಕ ನೋಡಿದರೆ ಇದರ ಮಹತ್ವ ತಿಳಿಯುತ್ತದೆ. ಆಗತಾನೆ ಕಡಿದ ಮರದಲ್ಲಿ ತೇವ ಶೇ. 50ರಷ್ಟಿರುವುದು ಸಾಮಾನ್ಯ. ಅಂದರೆ ಒಂದು ಕಿಲೋ ಸೌದೆಯಲ್ಲಿ ಅರ್ಧ ಕಿಲೋ ನೀರು. ಅದನ್ನು ಆವಿಯಾಗಿಸಲು ಬೆಂಕಿ ತನ್ನ ಶಾಖವನ್ನೇ ಕಳೆದುಕೊಳ್ಳುತ್ತದೆ. ಶೇ. 20 ತೇವದ ಒಂದು ಕಿಲೋ ಸೌದೆಯಿಂದ ಸುಮಾರು 4 ಕಿಲೋವಾಟ್-ಗಂಟೆ ಶಾಖ ದೊರೆತರೆ, ಹಸಿ ಸೌದೆಯಿಂದ ದೊರೆಯುವುದು ಅದರ ಅರ್ಧಕ್ಕಿಂತ ತುಸು ಹೆಚ್ಚು. ಉಳಿದದ್ದು ಹೊಗೆ.

ಓಕ್‌ನಂಥ ಗಟ್ಟಿಮರ ಒಣಗಲು ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಬೇಕು. ಆ್ಯಶ್, ಬರ್ಚ್ ಮರಗಳು ಬೇಗ ಒಣಗುತ್ತವೆ. ಸೌದೆಯನ್ನು ನೆಲದಿಂದ ಮೇಲೆತ್ತಿ, ಮೇಲೆ ಸೂರು ಹಾಕಿ, ಬದಿಗಳಲ್ಲಿ ಗಾಳಿಯಾಡುವಂತೆ ಪೇರಿಸಬೇಕು. ಪೂರ್ತಿ ಪ್ಲಾಸ್ಟಿಕ್ ಹೊದಿಸಿದರೆ ಸೌದೆ ಒಣಗುವ ಬದಲು ಬೂಷ್ಟು ಹಿಡಿಯುತ್ತದೆ. ತೇವ ಅಳೆಯುವ ಕೈಯುಪಕರಣ ಅಗ್ಗದ ಬೆಲೆಗೆ ದೊರೆಯುತ್ತದೆ. ಅಳೆಯುವಾಗ ಸೌದೆಯನ್ನು ಹೊಸದಾಗಿ ಸೀಳಿ ಒಳಮೈಗೆ ಅದರ ಮೊಳೆ ಚುಚ್ಚಬೇಕು. ಹೊರಮೈ ಒಣಗಿದಂತೆ ಕಂಡು ಮೋಸ ಮಾಡುತ್ತದೆ.

ಬಣ್ಣ ಬಳಿದ ಬಾಗಿಲು, ಔಷಧ ಲೇಪಿಸಿದ ಬೇಲಿ ಕಂಬ, ಪ್ಲೈವುಡ್, ಎಂಡಿಎಫ್, ಹಳೆಯ ಪೀಠೋಪಕರಣ, ಕಸದ ಕಾಗದ ಇವುಗಳನ್ನು ಒಲೆಗೆ ಹಾಕಲೇಬಾರದು. ಇವುಗಳ ಹೊಗೆಯಲ್ಲಿ ವಿಷವಸ್ತುಗಳಿರುತ್ತವೆ. ಒಲೆ ಎಷ್ಟೇ ಒಳ್ಳೆಯದಾಗಿದ್ದರೂ ಅವನ್ನು ಸುಡಲಾರದು.

ಅಳವಡಿಕೆ: ಇಲ್ಲಿ ಉಳಿತಾಯ ಬೇಡ

ಒಲೆಯ ಬೆಲೆಯಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹಣ ಅಳವಡಿಕೆಗೆ ತಗಲುತ್ತದೆ. ಹಳೆಯ ಚಿಮಣಿಯೊಳಗೆ ಉಕ್ಕಿನ ಕೊಳವೆ ಇಳಿಸಬೇಕಾಗಬಹುದು. ಒಲೆಯ ಕೆಳಗೆ, ಮುಂದೆ ಬೆಂಕಿ ತಾಗದ ಕಲ್ಲುಹಾಸು ಬೇಕು. 5 ಕಿಲೋವಾಟ್‌ಗಿಂತ ಹೆಚ್ಚಿನ ಒಲೆಗೆ ಕೋಣೆಯಲ್ಲಿ ಸದಾ ತೆರೆದ ಗಾಳಿಕಿಂಡಿ ಕಡ್ಡಾಯ. ಗಾಳಿ ಸೋರದಂತೆ ಕಟ್ಟಿದ ಹೊಸ ಮನೆಗಳಲ್ಲಿ ಸಣ್ಣ ಒಲೆಗೂ ಅದು ಬೇಕಾಗುತ್ತದೆ. ಇವೆಲ್ಲ ಇಂಗ್ಲೆಂಡಿನ ಕಟ್ಟಡ ನಿಯಮಗಳ 'ಜೆ' ಭಾಗದಲ್ಲಿವೆ. ಹೆಟಾಸ್‌ನಂಥ ಮಾನ್ಯ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡವರು ಅಳವಡಿಸಿದರೆ ಅವರೇ ಪ್ರಮಾಣಪತ್ರ ನೀಡುತ್ತಾರೆ. ಬೇರೆಯವರಿಂದ ಮಾಡಿಸಿದರೆ ಕೌನ್ಸಿಲ್‌ನ ಕಟ್ಟಡ ವಿಭಾಗಕ್ಕೆ ಮುಂಚಿತವಾಗಿ ತಿಳಿಸಿ ತಪಾಸಣೆ ಮಾಡಿಸಬೇಕು. ಈ ಕಾಗದವನ್ನು ಜೋಪಾನವಾಗಿಡುವುದು ಮುಖ್ಯ. ಮನೆ ಮಾರುವಾಗ ಕೊಳ್ಳುವವರ ವಕೀಲರು ಇದನ್ನು ಕೇಳುತ್ತಾರೆ, ವಿಮಾ ಕಂಪನಿಯೂ ಕೇಳಬಹುದು.

ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆ ಇಲ್ಲದೆ ಒಲೆ ಹೊತ್ತಿಸಲೇಬಾರದು. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ನಿದ್ರೆಯಲ್ಲೇ ಪ್ರಾಣ ತೆಗೆಯಬಲ್ಲದು. ಗಂಟೆಯನ್ನು ಒಲೆಯಿಂದ ಅಡ್ಡಲಾಗಿ 1ರಿಂದ 3 ಮೀಟರ್ ದೂರದೊಳಗೆ, ಮಾಡಿಗೆ ಹಾಕುವುದಾದರೆ ಗೋಡೆಯಿಂದ ಕನಿಷ್ಠ 30 ಸೆಂಟಿಮೀಟರ್ ಬಿಟ್ಟು ಕೂರಿಸಬೇಕು. ಚಿಮಣಿಯನ್ನು ವರ್ಷಕ್ಕೊಮ್ಮೆಯಾದರೂ, ಸೌದೆ ಹೆಚ್ಚು ಉರಿಸುವವರು ಎರಡು ಬಾರಿ ಗುಡಿಸಿಸಬೇಕು. ಒಳಗೆ ಕಟ್ಟಿದ ಜಿಡ್ಡಿಗೆ ಬೆಂಕಿ ಹತ್ತಿಕೊಂಡರೆ ಮನೆಯೇ ಅಪಾಯಕ್ಕೆ ಸಿಲುಕುತ್ತದೆ.

ಬಾಡಿಗೆ ಮನೆಯಲ್ಲಿರುವವರು ಮಾಲೀಕರ ಲಿಖಿತ ಒಪ್ಪಿಗೆ ಪಡೆಯಬೇಕು. ಫ್ಲ್ಯಾಟಿನ ಗುತ್ತಿಗೆ ಪತ್ರದಲ್ಲಿ ಒಲೆಗೆ ನಿಷೇಧವಿದೆಯೇ ಎಂದು ನೋಡಬೇಕು. ಪಾರಂಪರಿಕ ಪ್ರದೇಶದ ಮನೆಗಳಿಗೆ ಹೊರಗೋಡೆಯಲ್ಲಿ ಹೊಗೆಕೊಳವೆ ಹಾಕಲು ಪ್ರತ್ಯೇಕ ಅನುಮತಿ ಬೇಕಾಗಬಹುದು.

ಹೊತ್ತಿಸುವ ಕ್ರಮ

ಅತಿ ಹೆಚ್ಚು ಹೊಗೆ ಬರುವುದು ಬೆಂಕಿ ಹೊತ್ತಿಸುವ ಮೊದಲ ಹಂತದಲ್ಲಿ. ನಮ್ಮಲ್ಲಿ ಪುಳ್ಳೆ ಕೆಳಗೆ, ಸೌದೆ ಮೇಲೆ ಇಡುವುದು ರೂಢಿ. ಈ ಒಲೆಗಳಿಗೆ ತಲೆಕೆಳಗಾದ ಕ್ರಮ ಒಳ್ಳೆಯದು. ದಪ್ಪ ಸೌದೆ ಎರಡನ್ನು ಕೆಳಗಿಟ್ಟು, ಅದರ ಮೇಲೆ ಸಣ್ಣ ಪುಳ್ಳೆಗಳನ್ನು ಅಡ್ಡಡ್ಡ ಪೇರಿಸಿ, ತುದಿಯಲ್ಲಿ ಬೆಂಕಿ ಹಚ್ಚಬೇಕು. ಬೆಂಕಿ ಮೇಲಿನಿಂದ ಕೆಳಗಿಳಿಯುತ್ತ ಹೋದಂತೆ, ಕೆಳಗಿನ ಸೌದೆಯಿಂದೇಳುವ ಅನಿಲ ಜ್ವಾಲೆಯನ್ನು ದಾಟಿಯೇ ಮೇಲೇರಬೇಕಾಗುವುದರಿಂದ ಉರಿದುಹೋಗುತ್ತದೆ. ಚಿಮಣಿಯೂ ಬೇಗ ಕಾದು ಎಳೆತ ಹಿಡಿಯುತ್ತದೆ.

ಆಮೇಲೆ ಒಮ್ಮೆಗೆ ಒಂದೆರಡು ತುಂಡುಗಳನ್ನಷ್ಟೇ ಹಾಕಬೇಕು. ರಾತ್ರಿಯಿಡೀ ಬೆಂಕಿ ಉಳಿಯಲೆಂದು ಒಲೆ ತುಂಬ ಸೌದೆ ತುರುಕಿ ಗಾಳಿ ತಗ್ಗಿಸಿ ಮಲಗುವುದು ಅತ್ಯಂತ ಕೆಟ್ಟ ಅಭ್ಯಾಸ. ಹೊರಗೆ ಹೋಗಿ ಚಿಮಣಿಯತ್ತ ಒಮ್ಮೆ ನೋಡಿದರೆ ಸಾಕು, ಉರಿ ಸರಿಯಿದೆಯೇ ಎಂಬುದು ಗೊತ್ತಾಗುತ್ತದೆ. ಒಲೆಯ ಗಾಜು ಪದೇಪದೇ ಕಪ್ಪಾಗುತ್ತಿದ್ದರೆ ಸೌದೆ ಹಸಿ ಅಥವಾ ಗಾಳಿ ಕಡಿಮೆ ಎಂದೇ ಅರ್ಥ.

ಒಲೆ ನಿಜಕ್ಕೂ ಬೇಕೆ?

ಇಷ್ಟೆಲ್ಲ ಓದಿದ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಕಣ್ಣಿಗೆ ಹೊಗೆ ಕಾಣದಿದ್ದರೂ ಸೌದೆಯ ಉರಿಯಿಂದ ಅತಿ ಸೂಕ್ಷ್ಮ ಕಣಗಳು ಹೊರಬೀಳುತ್ತವೆ. ಪಿಎಂ 2.5 ಎಂದು ಕರೆಯುವ ಈ ಕಣಗಳು ಶ್ವಾಸಕೋಶದ ಆಳಕ್ಕಿಳಿದು ರಕ್ತಕ್ಕೂ ಸೇರಬಲ್ಲವು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇವುಗಳ ವಾರ್ಷಿಕ ಸರಾಸರಿಯ ಮಾರ್ಗಸೂಚಿಯನ್ನು ಘನ ಮೀಟರಿಗೆ 10ರಿಂದ 5 ಮೈಕ್ರೋಗ್ರಾಂಗೆ ಇಳಿಸಿತು. ವಾಯುಮಾಲಿನ್ಯವನ್ನೇ ವಿಷಯವಾಗಿಸಿಕೊಂಡು ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿ 2022ರಲ್ಲಿ ಪ್ರಕಟಿಸಿದ ವಾರ್ಷಿಕ ವರದಿಯ ಪ್ರಕಾರ, ಇಕೋಡಿಸೈನ್ ಒಲೆ ಕೂಡ ಅನಿಲದ ಬಾಯ್ಲರ್‌ಗೆ ಹೋಲಿಸಿದರೆ ನೂರಾರು ಪಟ್ಟು ಹೆಚ್ಚು ಕಣಗಳನ್ನು ಹೊರಬಿಡುತ್ತದೆ. ಹಳೆಯ ಒಲೆ, ತೆರೆದ ಅಗ್ಗಿಷ್ಟಿಕೆಗಳ ಪಾಲು ಇದಕ್ಕಿಂತ ಬಹಳ ಹೆಚ್ಚು. ಸೌದೆ ಹಾಕಲು ಬಾಗಿಲು ತೆರೆದಾಗಲೆಲ್ಲ ಒಂದಿಷ್ಟು ಕಣಗಳು ಕೋಣೆಯೊಳಕ್ಕೂ ಬರುತ್ತವೆ.

ಆದ್ದರಿಂದ ಮನೆಯಲ್ಲಿ ಆಸ್ತಮಾ ಇರುವ ಮಕ್ಕಳು, ಹೃದಯ ಅಥವಾ ಶ್ವಾಸಕೋಶದ ತೊಂದರೆಯ ಹಿರಿಯರು ಇದ್ದರೆ, ಬೇರೆ ತಾಪನ ವ್ಯವಸ್ಥೆ ಸುಸ್ಥಿತಿಯಲ್ಲಿದ್ದರೆ, ಒಲೆಯನ್ನು ಕೈಬಿಡುವುದೇ ವಿವೇಕ. ಬಿಲ್ಲಿನ ಉಳಿತಾಯದ ಲೆಕ್ಕವೂ ಅನೇಕರು ಎಣಿಸಿದಷ್ಟು ಸರಳವಲ್ಲ. 5 ಕಿಲೋವಾಟ್ ಒಲೆ ಗಂಟೆಗೆ ಸುಮಾರು ಒಂದೂವರೆ ಕಿಲೋ ಒಣ ಸೌದೆ ನುಂಗುತ್ತದೆ. ಸಂಜೆ ನಾಲ್ಕು ಗಂಟೆ ಉರಿಸಿದರೆ ಆರು ಕಿಲೋ. ಸೌದೆಯನ್ನು ಚೀಲದ ಲೆಕ್ಕದಲ್ಲಿ ಕೊಳ್ಳುವವರು ತಮ್ಮ ಊರಿನ ಬೆಲೆ ಹಾಕಿ, ಅಳವಡಿಕೆಯ ಖರ್ಚನ್ನೂ ಸೇರಿಸಿ ಮೊದಲೇ ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ಕಿಟಕಿ ಬಾಗಿಲುಗಳ ಸಂದು ಮುಚ್ಚಿಸಿ ಅಟ್ಟಕ್ಕೆ ಶಾಖರಕ್ಷಕ ಹೊದಿಸಲು ಅದೇ ಹಣ ಬಳಸಿದರೆ ಬಿಲ್ಲು ಇಳಿಯುವುದು ಖಚಿತ.

ಖರೀದಿಗೆ ಮುನ್ನ ಹತ್ತು ಪ್ರಶ್ನೆಗಳು

1. ಮನೆ ಹೊಗೆ ನಿಯಂತ್ರಣ ವಲಯದಲ್ಲಿದೆಯೆ? ಕೌನ್ಸಿಲ್‌ನ ಜಾಲತಾಣದಲ್ಲಿ ನೋಡಿ.
2. ಒಲೆಯ ಇದೇ ಮಾದರಿ ಡೆಫ್ರಾ ಪಟ್ಟಿಯಲ್ಲಿದೆಯೆ? ಸೌದೆಗೆ ಒಪ್ಪಿಗೆಯಿದೆಯೆ?
3. ಇಕೋಡಿಸೈನ್ ಪ್ರಮಾಣವಿದೆಯೆ?
4. ಕೋಣೆಯ ಅಳತೆಗೆ ತಕ್ಕ ಕಿಲೋವಾಟ್ ಎಷ್ಟು?
5. ಚಿಮಣಿಯ ತಪಾಸಣೆ ಆಗಿದೆಯೆ? ಒಳಕೊಳವೆ ಬೇಕೆ?
6. ಗಾಳಿಕಿಂಡಿ, ಕಲ್ಲುಹಾಸಿಗೆ ಸ್ಥಳವಿದೆಯೆ?
7. ಅಳವಡಿಸುವವರು ನೋಂದಾಯಿತರೆ? ಪ್ರಮಾಣಪತ್ರ ಕೊಡುತ್ತಾರೆಯೆ?
8. ಕಾರ್ಬನ್ ಮಾನಾಕ್ಸೈಡ್ ಗಂಟೆ ಖರೀದಿಯ ಪಟ್ಟಿಯಲ್ಲಿದೆಯೆ?
9. ಶೇ. 20ಕ್ಕಿಂತ ಕಡಿಮೆ ತೇವದ ಸೌದೆ ಎಲ್ಲಿ ಸಿಗುತ್ತದೆ? ಎಲ್ಲಿ ಪೇರಿಸುವುದು?
10. ಮನೆಯಲ್ಲಿ, ನೆರೆಯಲ್ಲಿ ಉಸಿರಾಟದ ತೊಂದರೆ ಉಳ್ಳವರಿದ್ದಾರೆಯೆ?

ಹತ್ತನೆಯ ಪ್ರಶ್ನೆಗೆ ಅಂಗಡಿಯವರಿಂದಾಗಲಿ, ಪ್ರಮಾಣಪತ್ರದಿಂದಾಗಲಿ ಉತ್ತರ ದೊರೆಯದು. ಬೇಲಿಯಾಚೆಯ ಮನೆಯ ಬಾಗಿಲು ತಟ್ಟಿ ಕೇಳಿದರೆ ಮಾತ್ರ ದೊರೆಯುತ್ತದೆ. ಒಲೆ ಕೊಳ್ಳುವ ಮುನ್ನ ಆ ಒಂದು ಮಾತು ಆಡಿಬಿಟ್ಟರೆ, ಮುಂದೆ ಕೌನ್ಸಿಲ್‌ಗೆ ದೂರು ಹೋಗುವ ಪ್ರಸಂಗವೂ ಬಹುತೇಕ ತಪ್ಪುತ್ತದೆ.